ಮಾಲಿ ಹಾಕಿದ ಪ್ಲಾಸ್ಟರ್

ನಾನು ಕೆಲಸ ಮಾಡುವ ಆಸ್ಪತ್ರೆಗೆ ತೋಟವಿಲ್ಲ. ಬನಾರಸಿನ ಭೇಲೂಪುರದ ಮುಖ್ಯರಸ್ತೆಯಿಂದ ಎರಡು ಗಲ್ಲಿ ಒಳಗಿರುವ ಮೂರು ಅಂತಸ್ತಿನ ಕಟ್ಟಡ ಅದು. ಕೆಳಗೆ ಹೊರರೋಗಿಗಳು, ಮೇಲೆ ಹದಿನೆಂಟು ಹಾಸಿಗೆ, ಅದರ ಮೇಲೆ ನೀರಿನ ಟ್ಯಾಂಕು ಮತ್ತು ಒಣಹಾಕಿದ ಚಾದರಗಳು. ಹಸಿರು ಅಂತ ಇರುವುದು ಬಾಗಿಲ ಪಕ್ಕದ ಒಂದು ತುಳಸಿ ಕುಂಡ. ಅದಕ್ಕೆ ಕಸ ಗುಡಿಸುವ ಹೆಂಗಸು ನೀರು ಹಾಕುತ್ತಾಳೆ. ಆದರೂ ನಮ್ಮ ನೌಕರರ ಪುಸ್ತಕದಲ್ಲಿ ಇಪ್ಪತ್ತಾರು ವರ್ಷದಿಂದ ಒಬ್ಬ ಮಾಲಿ ಇದ್ದರು. ಅವರು ದಿನಕ್ಕೆ ಹತ್ತು ಹನ್ನೆರಡು ಜನರ ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುತ್ತಿದ್ದರು.

ನನಗೂ ಅವರೇ ಹಾಕಿದ್ದು. ನನ್ನ ಯಜಮಾನರಿಗೆ ಧಾರವಾಡದಿಂದ ಇಲ್ಲಿಯ ಬ್ಯಾಂಕಿಗೆ ವರ್ಗವಾದಾಗ ಶಿವಾಲ ಬಡಾವಣೆಯಲ್ಲಿ ಮನೆ ಹಿಡಿದೆವು. ಎರಡನೆಯ ಮಳೆಗಾಲದಲ್ಲಿ ಆ ಮನೆಯ ಮೆಟ್ಟಿಲಿನ ಮೇಲೆ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡೆ. ಈ ಆಸ್ಪತ್ರೆಯ ಮಾಲೀಕರೂ ಆದ ಎಲುಬಿನ ಡಾಕ್ಟರು ಎಕ್ಸ್‌ರೇ ನೋಡಿ, ಎಲುಬು ಕೂಡಿಸಿ, ಒಂದು ಚೀಟಿ ಬರೆದು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಐವತ್ತೈದು ದಾಟಿದ, ಮೊಣಕೈವರೆಗೆ ಬಿಳಿ ಹಿಟ್ಟು ಮೆತ್ತಿಕೊಂಡ ಒಬ್ಬ ಸಣ್ಣ ಗಾತ್ರದ ಮನುಷ್ಯ ಬಕೆಟ್ಟಿನ ನೀರಿಗೆ ಕೈಯಿಟ್ಟು ಬಿಸಿ ನೋಡುತ್ತಿದ್ದರು. ಊರೆಲ್ಲ ಅವರನ್ನು ಪಟ್ಟಿವಾಲೆ ಚಾಚಾ ಎನ್ನುತ್ತದೆ. ಅವರ ಮಾತು ಭೋಜಪುರಿ ಬೆರೆತ ಹಿಂದಿ. ನನ್ನ ತಲೆಯಲ್ಲಿ ಮಾತ್ರ ಅದು ಮೊದಲ ದಿನದಿಂದಲೂ ನಮ್ಮ ಕಡೆಯ ಕನ್ನಡವಾಗಿಯೇ ಕೇಳಿಸಿತು, ಇಲ್ಲೂ ಹಾಗೆಯೇ ಬರೆಯುತ್ತೇನೆ.

"ಬೆರಳು ಆಡಸ್ರಿ ದೀದೀ," ಎಂದರು, ಪಟ್ಟಿ ಸುತ್ತಿ ಮುಗಿಸಿದ ಮೇಲೆ. "ಈಗ ಹೆಂಗ ಆಡತಾವ, ಮನಿಗೆ ಹೋದ ಮ್ಯಾಲೂ ಹಂಗ ಆಡಬೇಕು. ಜುಮ್ ಅಂದ್ರ, ನೀಲಿಗಟ್ಟಿದ್ರ, ನಾಳೆ ಹೋದ್ರಾತು ಅನ್ನಬ್ಯಾಡ್ರಿ. ಆಗಿಂದಾಗ ಬಂದುಬಿಡ್ರಿ."

ಡಾಕ್ಟರು ಇದನ್ನು ಹೇಳಿರಲಿಲ್ಲ. ಪಾಪ, ಅವರಿಗಾಗಿ ಹೊರಗೆ ನಲವತ್ತು ಜನ ಕಾದಿದ್ದರು.

ಆರು ವಾರದಲ್ಲಿ ಆ ಆಸ್ಪತ್ರೆಯವರು ನನ್ನ ಕಾಗದಗಳನ್ನು ಮೂರು ಸಲ ಕಳೆದರು. ನಾಲ್ಕನೆಯ ಸಲ ನಾನೇ ಕೌಂಟರಿನ ಒಳಗೆ ಹೋಗಿ ಒಂದೇ ಕೈಯಲ್ಲಿ ಹುಡುಕಿ ತೆಗೆದೆ, ಜೊತೆಗೆ ಇನ್ನೂ ಐದು ಜನರದ್ದನ್ನು ಹುಡುಕಿಕೊಟ್ಟೆ. ಡಾಕ್ಟರ್ ಸಾಹೇಬರು ಬಾಗಿಲಲ್ಲಿ ನಿಂತು ನೋಡಿದರು. ಪ್ಲಾಸ್ಟರ್ ಬಿಚ್ಚಿದ ವಾರವೇ ನಾನು ಅಲ್ಲಿಯ ಕಚೇರಿ ನೋಡಿಕೊಳ್ಳುವವಳಾದೆ. "ಕೈ ಮುರಕೊಂಡು ನೌಕರಿ ಗಿಟ್ಟಿಸಿದಾಕಿ ನೀ ಒಬ್ಬಾಕೀನ ನೋಡು," ಎಂದು ಯಜಮಾನರು ಈಗಲೂ ಹೇಳುತ್ತಾರೆ.

ಕೆಲಸಕ್ಕೆ ಸೇರಿದ ತಿಂಗಳಲ್ಲೇ ಆ ಮಾಲಿಯ ಗುಟ್ಟು ತಿಳಿಯಿತು. ಆಸ್ಪತ್ರೆ ಕಟ್ಟುವಾಗ ಮುಂದೆ ಸ್ವಲ್ಪ ಜಾಗ ಬಿಟ್ಟಿದ್ದರಂತೆ, ನಾಲ್ಕು ಗಿಡ ಹಾಕಲು ಚಾಚಾನನ್ನು ಇಟ್ಟುಕೊಂಡರಂತೆ. ಆ ಜಾಗದಲ್ಲಿ ಔಷಧಿ ಅಂಗಡಿ ಎದ್ದಿತು. ಗಿಡ ಹೋಯಿತು, ಮಾಲಿ ಉಳಿದರು. ಪ್ಲಾಸ್ಟರ್ ಕೋಣೆಯವನು ಬಿಟ್ಟು ಹೋದಾಗ "ಸ್ವಲ್ಪ ದಿನ ನೋಡಿಕೋ" ಎಂದು ಅವರನ್ನು ಒಳಗೆ ನಿಲ್ಲಿಸಿದರು. ಆ ಸ್ವಲ್ಪ ದಿನ ಮುಗಿದೇ ಇರಲಿಲ್ಲ. ಪಗಾರವೂ ಮಾಲಿಯ ಪಗಾರ, ಕೊರಳಿನ ಕಾರ್ಡೂ ಮಾಲಿಯ ಕಾರ್ಡು. ಡಾಕ್ಟರ್ ಸಾಹೇಬರು ಕೆಟ್ಟವರಲ್ಲ. ಬಡವರ ಹತ್ತಿರ ದುಡ್ಡು ಕೇಳುವುದಿಲ್ಲ, ಹಬ್ಬಕ್ಕೆ ಎಲ್ಲರಿಗೂ ಮಿಠಾಯಿ ಹಂಚುತ್ತಾರೆ. ಪುಸ್ತಕ ತಿದ್ದಲು ಮಾತ್ರ ಅವರಿಗೆ ಪುರುಸೊತ್ತು ಸಿಕ್ಕಿರಲಿಲ್ಲ. ಇಪ್ಪತ್ತಾರು ವರ್ಷ ಬೇಗ ಕಳೆದುಹೋಗುತ್ತದೆ.

ಪುರುಸೊತ್ತು ಸಿಕ್ಕಿದ್ದು ವಿಮಾ ಕಂಪನಿಯವರು ಬಂದಾಗ. ಅವರ ಪಟ್ಟಿಯಲ್ಲಿ ನಮ್ಮ ಆಸ್ಪತ್ರೆ ಸೇರಿದರೆ ವಿಮೆ ಇದ್ದ ರೋಗಿಗಳು ಕೈಯಿಂದ ಕೊಡದೆ ಚಿಕಿತ್ಸೆ ಪಡೆಯಬಹುದು, ಅಂಥ ರೋಗಿಗಳು ನಮ್ಮನ್ನು ದಾಟಿ ದೊಡ್ಡ ಆಸ್ಪತ್ರೆಗೆ ಹೋಗುವುದು ನಿಲ್ಲುತ್ತದೆ. ಡಾಕ್ಟರ್ ಸಾಹೇಬರು ಒಂದು ವಾರ ಗೋಡೆಗೆ ಬಣ್ಣ ಹೊಡೆಸಿದ್ದರು. ಬಂದ ಇಬ್ಬರಲ್ಲಿ ಕನ್ನಡಕದವರು ಗೋಡೆ ನೋಡಲಿಲ್ಲ, ಪ್ಲಾಸ್ಟರ್ ಕೋಣೆಯಲ್ಲಿ ನಿಂತು ಕೇಳಿದರು: "ಇಲ್ಲಿ ಕೆಲಸ ಮಾಡುವವರು ಯಾರು?"

"ನಮ್ಮಲ್ಲೇ ಅತ್ಯಂತ ಅನುಭವಿ," ಎಂದರು ಡಾಕ್ಟರ್.

"ಹುದ್ದೆ?"

ಡಾಕ್ಟರ್ ನನ್ನ ಕಡೆ ನೋಡಿದರು. ನಾನು ಪುಸ್ತಕ ತೆರೆದೆ. ಅದರಲ್ಲಿ ಇದ್ದದ್ದನ್ನು ಓದಿದೆ. ಕನ್ನಡಕದವರು ಇನ್ನೊಮ್ಮೆ ಓದಿಸಿದರು, ಆಮೇಲೆ ಬಹಳ ಮರ್ಯಾದೆಯಿಂದ ತೋಟ ಎಲ್ಲಿದೆ ಎಂದು ಕೇಳಿದರು. ಡಾಕ್ಟರ್ ಸಾಹೇಬರು ತುಳಸಿ ಕುಂಡ ತೋರಿಸಿದರು.

ಹೋಗುವಾಗ ಅವರು ಒಂದು ಕಾಗದ ಕೊಟ್ಟು ಹೋದರು: ಪ್ಲಾಸ್ಟರ್ ಹಾಕುವವರಿಗೆ ಪ್ರಮಾಣಪತ್ರ ಇರಬೇಕು, ಆಮೇಲೆ ಬರುತ್ತೇವೆ.

ಹೊಸಬನನ್ನು ತರೋಣ ಎಂದು ಡಾಕ್ಟರ್ ಮೊದಲು ಯೋಚಿಸಿದರು. ಕೋರ್ಸು ಮುಗಿಸಿದವನ ಪಗಾರ ಎಷ್ಟೆಂದು ವಿಚಾರಿಸಿದ ದಿನ ಆ ಯೋಚನೆ ಬಿಟ್ಟರು. ಆಗ ಯಾರೋ ಹೇಳಿ ಒಬ್ಬ ಸಲಹೆಗಾರರು ಬಂದರು. ಟೈ ಕಟ್ಟಿದ್ದರು, ಗೋಡೆಯ ಮೇಲೆ ಚಿತ್ರ ಬೀಳಿಸುವ ಯಂತ್ರ ತಂದಿದ್ದರು. ಕೆಲಸ ಮಾಡುತ್ತ ಕಲಿತವರನ್ನು ಪರೀಕ್ಷೆ ಮಾಡಿ, ಅವರು ಮೊದಲೇ ಕಲಿತಿದ್ದಾರೆಂದು ಮಾನ್ಯತೆ ಕೊಡುವ ಸರ್ಕಾರಿ ವ್ಯವಸ್ಥೆ ಇದೆಯಂತೆ. ಮೂರು ದಿನದ ತಯಾರಿ, ಒಂದು ದಿನದ ಪರೀಕ್ಷೆ, ಕೈಗೆ ಪ್ರಮಾಣಪತ್ರ.

"ಇದರಿಂದ ಮಾಲೀಕರಿಗೆ ಏನು ಲಾಭ?" ಎಂದು ಕೇಳಿ ಅವರೇ ಉತ್ತರಿಸಿದರು. ತರಬೇತಿಯ ಖರ್ಚು ಉಳಿಯುತ್ತದೆ. ಹೊಸಬರನ್ನು ಹುಡುಕುವ ತೊಂದರೆ ಇಲ್ಲ. ಕೆಲಸದ ಗುಣಮಟ್ಟಕ್ಕೆ ಸಾಕ್ಷಿ ಸಿಗುತ್ತದೆ. ತನ್ನಲ್ಲಿ ಯಾರಿಗೆ ಏನು ಬರುತ್ತದೆ ಎಂದು ಮಾಲೀಕನಿಗೆ ಗೊತ್ತಾಗುತ್ತದೆ. ಕೆಲಸಗಾರನಿಗೆ ಸಂಸ್ಥೆಯ ಮೇಲೆ ನಿಷ್ಠೆ ಹೆಚ್ಚುತ್ತದೆ. ಡಾಕ್ಟರ್ ಸಾಹೇಬರು ಒಂದೊಂದಕ್ಕೂ ತಲೆಯಾಡಿಸಿದರು. ಕಲಿಯಲು ಹಿಡಿದ ವರ್ಷಗಳನ್ನೂ ಕಲಿಯುವಾಗಿನ ತಪ್ಪುಗಳನ್ನೂ ಬೇರೆಯವರು ಹೊತ್ತು, ಫಲ ಮಾತ್ರ ಚೌಕಟ್ಟು ಹಾಕಿಸಿಕೊಂಡು ನಮ್ಮ ಗೋಡೆಗೆ ಬರುವುದಾದರೆ ತಲೆಯಾಡಿಸದವರು ಯಾರು? ಕೆಲಸಗಾರನಿಗೆ ಏನು ಲಾಭ ಎಂಬ ಚಿತ್ರವೂ ಕೊನೆಗೆ ಒಂದಿತ್ತು. ಅಷ್ಟರಲ್ಲಿ ಡಾಕ್ಟರರಿಗೆ ಫೋನ್ ಬಂತು.

ತೊಡಕು ಬಂದದ್ದು ಅರ್ಜಿ ತುಂಬುವಾಗ. ಈ ವ್ಯಕ್ತಿ ಇಷ್ಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾನೆ ಎಂದು ಮಾಲೀಕರೇ ಪತ್ರ ಬರೆದುಕೊಡಬೇಕಿತ್ತು. ಅಂದರೆ ಚಾಚಾನಿಗೆ ಕೆಲಸ ಬರುತ್ತದೆ ಎಂದು ಸರ್ಕಾರ ಒಪ್ಪುವ ಮೊದಲು ಡಾಕ್ಟರ್ ಸಾಹೇಬರು ಒಪ್ಪಬೇಕಿತ್ತು.

"ಐದು ವರ್ಷ ಅಂತ ಬರೀರಿ, ಸಾಕು," ಎಂದರು ನನಗೆ.

"ಇಪ್ಪತ್ನಾಲ್ಕು ವರ್ಷ ಆಗಿದೆ ಸರ್. ಗಿಡ ನೋಡಿದ್ದು ಮೊದಲ ಎರಡು ವರ್ಷ ಮಾತ್ರ."

"ಆಗಿರಬಹುದು. ಅಷ್ಟು ಬರೆದರೆ, ಇಷ್ಟು ದಿನ ಮಾಲಿ ಅಂತ ಯಾಕೆ ಇಟ್ಟಿದ್ರಿ ಅಂತ ಕೇಳ್ತಾರೆ."

"ಕೇಳಬಹುದು," ಎಂದೆ.

ಅವರಿಗೆ ನನ್ನ ಉತ್ತರ ಹಿಡಿಸಲಿಲ್ಲ. ನಾನು ವಾದ ಮಾಡಲಿಲ್ಲ, ಉಕ್ಕಿನ ಕಪಾಟಿನಿಂದ ಹಳೆಯ ಪ್ಲಾಸ್ಟರ್ ದಾಖಲೆ ಪುಸ್ತಕಗಳನ್ನು ಇಳಿಸಿ ಅವರ ಮೇಜಿನ ಮೇಲೆ ಇಟ್ಟೆ. ಯಾರಿಗೆ, ಯಾವ ಎಲುಬಿಗೆ, ಯಾವ ದಿನ ಎಂದು ಪ್ರತಿ ಸಾಲೂ ಚಾಚಾನ ದಪ್ಪ ಅಕ್ಷರದಲ್ಲಿತ್ತು, ಪ್ರತಿ ಪುಟದ ಕೆಳಗೆ ಡಾಕ್ಟರ್ ಸಾಹೇಬರ ಸಹಿ. ಅವರು ಒಂದು ಪುಸ್ತಕ ತೆರೆದು ನೋಡುತ್ತ ಕೂತರು. ಮೊದಮೊದಲಿನ ಪುಟಗಳಲ್ಲಿ ಅವರ ಸಹಿ ಇನ್ನೂ ಓದಲು ಬರುವಂತಿತ್ತು.

ಸಲಹೆಗಾರರಿಗೆ ಫೋನ್ ಮಾಡಿ ಕೇಳಿದರು. ಅನುಭವ ಹೆಚ್ಚಿದ್ದಷ್ಟು ಮೇಲಿನ ದರ್ಜೆಯ ಪರೀಕ್ಷೆಗೆ ಕೂರಬಹುದು, ಮೇಲಿನ ದರ್ಜೆಯಾದರೆ ವಿಮಾ ಕಂಪನಿಯ ಲೆಕ್ಕದಲ್ಲಿ ಆಸ್ಪತ್ರೆಗೂ ಹೆಚ್ಚು ಅಂಕ ಎಂದು ಅವರು ತಿಳಿಸಿದರು. ಡಾಕ್ಟರ್ ಸಾಹೇಬರು ತಕ್ಷಣ ಪೆನ್ನು ತೆಗೆದು ಇಪ್ಪತ್ನಾಲ್ಕು ವರ್ಷಕ್ಕೆ ಸಹಿ ಮಾಡಿದರು. ಲಾಭ ಕೂಡ ಜೊತೆಗಿದ್ದರೆ ಅವರು ಸತ್ಯವನ್ನು ಎಂದೂ ಕೈಬಿಟ್ಟವರಲ್ಲ.

ಪತ್ರವನ್ನು ಚಾಚಾ ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಸಾಹೇಬ್ರ ಸಹಿ ಮಾಡ್ಯಾರ?" ಎಂದು ಎರಡು ಸಲ ಕೇಳಿದರು. ಆಮೇಲೆ, "ಇದರದೊಂದು ಝೆರಾಕ್ಸ್ ಕೊಡ್ತೀರೇನು ದೀದೀ?"

"ಏನು ಮಾಡ್ತೀರಿ ಅದನ್ನ?"

"ಮಗಳ ಲಗ್ನದ ಮಾತುಕತಿ ಆದಾಗ ಬೀಗರು ನನ್ನ ಕಾರ್ಡ್ ನೋಡಿದ್ರು. ದವಾಖಾನಿಯಾಗ ಎಲುಬು ಕಟ್ಟತಾನಂದಿದ್ರಿ, ಇಲ್ಲಿ ಮಾಲಿ ಅಂತ ಐತಲ್ಲ ಅಂದ್ರು. ನಕ್ಕರು. ಲಗ್ನ ಆತು, ಅದೇನಿಲ್ಲ. ಆದ್ರ ಅವರು ಇನ್ನೂ ಸುಳ್ಳ ಹೇಳಿದ್ದ ಅಂತ ತಿಳಕೊಂಡಾರ."

ನಾನು ಎರಡು ಪ್ರತಿ ಮಾಡಿಕೊಟ್ಟೆ.

ಮೂರು ದಿನದ ತಯಾರಿ ಎಂದರೆ ಸಲಹೆಗಾರರ ಕಡೆಯವರೊಬ್ಬರು ಬಂದು ಚಾಚಾನಿಗೆ ಕೈ ತೊಳೆಯುವುದು ಹೇಗೆಂದು ಕಲಿಸಿದ್ದು. ನಾಲ್ಕನೆಯ ದಿನ ಲಖನೌದಿಂದ ಪರೀಕ್ಷಕರು ಬಂದರು. ಇಪ್ಪತ್ತೆಂಟು ಇಪ್ಪತ್ತೊಂಬತ್ತರ ಹೆಣ್ಣುಮಗಳು, ಮುಖದಲ್ಲಿ ನಗೆಯಿಲ್ಲ, ಚಹಾ ಕೂಡ ಬೇಡವೆಂದಳು. ಮೊದಲು ಟ್ಯಾಬಿನಲ್ಲಿ ಪ್ರಶ್ನೆಗಳು. ಹಿಂದಿಯೇ, ಆದರೆ ಬನಾರಸಿನಲ್ಲಿ ಹುಟ್ಟಿ ಬೆಳೆದವರಿಗೂ ತಿಳಿಯದಂಥ ಹಿಂದಿ. ಚಾಚಾನಿಗೆ ಕನ್ನಡಕ ಸರಿಯಿಲ್ಲವೆಂದು ಆಕೆಯೇ ಗಟ್ಟಿಯಾಗಿ ಓದಿದಳು. ನಾನು ಬಾಗಿಲ ಹತ್ತಿರ ಕಾಗದ ಹಿಡಿದು ನಿಂತಿದ್ದೆ.

"ಪ್ಲಾಸ್ಟರಿನ ರಾಸಾಯನಿಕ ಹೆಸರೇನು?"

"ಡಬ್ಬಿ ಮ್ಯಾಲ ಬರದಿರ್ತಾರ್ರಿ."

"ರೋಗಿ ಒಳಗೆ ಬಂದ ಕೂಡಲೇ ಮೊದಲು ಏನು ಮಾಡಬೇಕು? ನಮಸ್ಕಾರ ಹೇಳುವುದು, ಹೆಸರು ಕೇಳುವುದು, ಪರಿಚಯ ಹೇಳಿಕೊಳ್ಳುವುದು, ಇವೆಲ್ಲವೂ."

ಚಾಚಾ ಯೋಚಿಸಿದರು. "ನಾನು ಮೊದಲ ಜೋಡಿ ಬಂದ ಮಂದೀನ ಹೊರಗ ಕಳಸ್ತೀನ್ರಿ. ಅವರು ಅತ್ರ ಪೇಷಂಟೂ ಅಳತಾನ. ಅಳುವಾಗ ಕೈ ಅಲಗಾಡತೈತಿ."

ಆ ಉತ್ತರ ನಾಲ್ಕರಲ್ಲಿ ಇರಲಿಲ್ಲ. ಆಕೆ ಸ್ವಲ್ಪ ಹೊತ್ತು ಟ್ಯಾಬ್ ನೋಡಿ 'ಇವೆಲ್ಲವೂ' ಒತ್ತಿದಳು.

ಇನ್ನು ಕೈಕೆಲಸ. ಪ್ಲಾಸ್ಟರ್ ಹಾಕಲು ಒಂದು ಕೈ ಬೇಕಲ್ಲ, ಆ ಹೊತ್ತಿಗೆ ಕೈ ಮುರಿದವರು ಯಾರೂ ಬಂದಿರಲಿಲ್ಲ. ಬೇರೆ ದಿನ ಇಂಥ ಬರಗಾಲ ನಮಗೆ ಬಂದದ್ದಿಲ್ಲ. ಡಾಕ್ಟರ್ ಸಾಹೇಬರು ದೊಡ್ಡ ಮನಸ್ಸು ಮಾಡಿ ತೋಳು ಮಡಚಿ ತಾವೇ ಸ್ಟೂಲಿನ ಮೇಲೆ ಕೂತರು. ಪರೀಕ್ಷೆ ತಮ್ಮ ಕಣ್ಣಮುಂದೆ ನಡೆಯಲಿ, ಬೇಕಾದರೆ ಒಂದೆರಡು ಮಾತು ಹೇಳಿಕೊಡೋಣ ಎಂಬ ಆಸೆಯೂ ಇತ್ತು. ಚಾಚಾ ಹತ್ತಿ ಸುತ್ತುತ್ತಿದ್ದಾಗ, "ಮೊಣಕೈ ಹತ್ತಿರ ಇನ್ನೊಂದು ಸುತ್ತು," ಎಂದರು.

"ರೋಗಿ ಮಾತಾಡಬಾರದು," ಎಂದಳು ಪರೀಕ್ಷಕಿ, ತಲೆಯೆತ್ತದೆ.

ಆ ಆಸ್ಪತ್ರೆಯಲ್ಲಿ ಅಂಥ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಕಾಗದದಲ್ಲಿ ಮುಖ ಮುಚ್ಚಿಕೊಂಡೆ.

ಪಟ್ಟಿಯನ್ನು ನೀರಲ್ಲಿ ಅದ್ದಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಕಾದು, ಎರಡೂ ತುದಿ ಹಿಡಿದು ಹಿಂಡಿ, ಚಾಚಾ ಸುತ್ತತೊಡಗಿದರು. ನಾನು ಎಷ್ಟೋ ಸಲ ನೋಡಿದ್ದೆ, ಅಂದು ಸುಮ್ಮನೆ ನಿಂತು ನೋಡಿದೆ. ಕೈಗೆ ಅವಸರವೇ ಇಲ್ಲ, ಆದರೂ ನಾಲ್ಕೇ ನಿಮಿಷದಲ್ಲಿ ಮುಗಿಯಿತು. ಕೊನೆಗೆ ಎರಡೂ ಅಂಗೈಯಿಂದ ಸವರುತ್ತ ಆಕಾರ ಕೊಡತೊಡಗಿದರು.

"ಬೆರಳಿನಿಂದ ಯಾಕೆ ಒತ್ತುವುದಿಲ್ಲ?" ಎಂದು ಆಕೆ ಕೇಳಿದಳು.

"ಒಳಗ ಕುಣಿ ಬೀಳತೈತ್ರಿ. ಹೊರಗ ಕಾಣೂದಿಲ್ಲ. ಒಣಗಿದ ಮ್ಯಾಲ ಆ ಕುಣಿ ಚರ್ಮ ಒತ್ತಿ ಹುಣ್ಣ ಮಾಡತೈತಿ."

"ಇದನ್ನ ಯಾರು ಕಲಿಸಿದರು?"

ಚಾಚಾ ಕೈ ಸವರುವುದನ್ನು ನಿಲ್ಲಿಸಲಿಲ್ಲ. "ಈ ಖೋಲಿಗೆ ಬಂದ ಮೊದಲನೇ ವರ್ಷ ನದಿ ಆಚೆ ಊರಿಂದ ಒಂದು ಹುಡುಗಿ ಬಂದಿತ್ರಿ. ಏಳೆಂಟು ವರ್ಷದ್ದು. ನಾ ಬೆರಳಿನಿಂದ ಒತ್ತಿದ್ದೆ, ನನಗೇನು ಗೊತ್ತಿತ್ತು. ನೋಯತೈತಿ ಅಂತ ಅದು ಅತ್ತರ, ಎಲುಬು ಮುರದ್ರ ನೋಯೂದ ಅಂತ ಅಪ್ಪ ಸುಮ್ಮ ಮಾಡ್ಯಾನ. ಹತ್ತನೇ ದಿನಕ್ಕ ವಾಸನಿ ಬಂತು, ಆಗ ಕರಕೊಂಡು ಬಂದ. ಒಡದು ನೋಡಿದ್ರ ಮೊಣಕೈ ಹತ್ರ ಎಲುಬಿನ ತನಕ ಹುಣ್ಣು. ಎರಡು ತಿಂಗಳು ನಾನ ತೊಳದು ಪಟ್ಟಿ ಕಟ್ಟಿದೆ. ವಾಸಿ ಆತು. ಹುಣ್ಣಿನ ಕಲಿ ಹಂಗ ಉಳೀತು."

"ನನಗೆ ಆ ಹುಡುಗಿ ನೆನಪಾಗ್ತಿಲ್ಲ," ಎಂದರು ಡಾಕ್ಟರ್. ಈ ಸಲ ಪರೀಕ್ಷಕಿ ಅವರನ್ನು ತಡೆಯಲಿಲ್ಲ.

"ನಿಮಗ ಹೆಂಗ ನೆನಪಿರತೈತಿ ಸಾಹೇಬ್ರ. ನೀವು ಬೈದದ್ದು ನನಗ," ಎಂದರು ಚಾಚಾ. ಮಾತಿನಲ್ಲಿ ಸಿಟ್ಟಿರಲಿಲ್ಲ. ನಿನ್ನೆ ಮಳೆ ಬಂದಿತ್ತು ಎನ್ನುವ ಹಾಗೆ ಹೇಳಿದರು.

ಪರೀಕ್ಷಕಿಯ ಟ್ಯಾಬಿನಲ್ಲಿ ಕಲಿಸಿದವರು ಯಾರು ಎಂಬಲ್ಲಿ ಮೂರೇ ಆಯ್ಕೆ ಇದ್ದವಂತೆ: ಸಂಸ್ಥೆ, ಮೇಲ್ವಿಚಾರಕರು, ಸ್ವತಃ. ಆಕೆ ಮೂರನೆಯದನ್ನು ಒತ್ತಿದಳು. ಆಮೇಲೆ ಚಹಾ ಕೇಳಿದಳು.

ಪ್ಲಾಸ್ಟರ್ ಗಟ್ಟಿಯಾದದ್ದನ್ನು ನೋಡಿ, ಅದನ್ನು ಕತ್ತರಿಸುವುದನ್ನೂ ನೋಡಬೇಕಿತ್ತು. ಕತ್ತರಿಸುವ ಯಂತ್ರಕ್ಕೆ ಕರೆಂಟು ಬೇಕು. ಕರೆಂಟು ಹೋಯಿತು, ನಮ್ಮ ಇನ್ವರ್ಟರು ಫ್ಯಾನು ದೀಪಕ್ಕಷ್ಟೇ. ಹೊರಗೆ ರೋಗಿಗಳ ಗಲಾಟೆ ಹೆಚ್ಚಿ ಡಾಕ್ಟರ್ ಸಾಹೇಬರು ಬಲಗೈ ಪ್ಲಾಸ್ಟರಿನಲ್ಲಿಯೇ ಹೋಗಿ ಕುರ್ಚಿಯಲ್ಲಿ ಕೂತರು. ಚೀಟಿ ಬರೆಯಲು ಬರದೆ ಬಾಯಲ್ಲಿ ಹೇಳಿದರು, ನಾನು ಬರೆದೆ. ಸೋನಾರ್‌ಪುರದಿಂದ ಬಂದಿದ್ದ ಒಬ್ಬ ಮುದುಕಿ ತನ್ನ ಮೊಣಕಾಲು ಮರೆತು, "ನಿಮಗೇನಾಯ್ತು ಡಾಕ್ಟರ್ ಸಾಹಬ್, ಒಳ್ಳೆ ಡಾಕ್ಟರರಿಗೆ ತೋರಿಸಿದಿರಾ?" ಎಂದು ಕೇಳಿದಳು. ಮುಕ್ಕಾಲು ಗಂಟೆ ಕಳೆದ ಮೇಲೆ ಚಾಚಾ ಕೈಕತ್ತರಿ ತಂದು, ಅಕ್ಕಿಕಾಳಿನಷ್ಟೂ ಚರ್ಮಕ್ಕೆ ತಾಗದಂತೆ ಕತ್ತರಿಸಿ ಬಿಡಿಸಿದರು.

ಒಂದು ತಿಂಗಳಿಗೆ ಫಲಿತಾಂಶ ಬಂತು. ಬರಹದಲ್ಲಿ ಪಾಸಾಗಲು ಬೇಕಾದಷ್ಟೇ, ಕೈಕೆಲಸದಲ್ಲಿ ಪೂರ್ತಿ. ಆ ದಿನ ಡಾಕ್ಟರ್ ಸಾಹೇಬರಿಗಾದ ಸಂತೋಷ ನೋಡಿದರೆ ಪರೀಕ್ಷೆ ಬರೆದದ್ದು ಅವರೇ ಏನೋ ಅನ್ನಿಸಬೇಕು. ಚಾಚಾನಿಗೆ ಒಂದು ಶಾಲು, ಒಂದು ಡಬ್ಬಿ ಮಿಠಾಯಿ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ರೋಗಿಗಳು ಕಾಯುವ ಜಾಗದಲ್ಲಿ ತೂಗುಹಾಕಿದರು. ಹೊರಗಿನ ಬೋರ್ಡಿಗೆ 'ಪ್ರಮಾಣಿತ ತಂತ್ರಜ್ಞರು' ಎಂದು ಸೇರಿಸಿದರು, ಒಬ್ಬರೇ ಇದ್ದರೂ ಬಹುವಚನದಲ್ಲಿ. ವಿಮಾ ಕಂಪನಿಯವರು ಬಂದರು, ನೋಡಿದರು, ಪಟ್ಟಿಗೆ ಸೇರಿಸಿದರು.

ನಾನು ಪುಸ್ತಕದಲ್ಲಿ 'ಮಾಲಿ' ಎಂಬ ಶಬ್ದದ ಮೇಲೆ ಸ್ಕೇಲಿಟ್ಟು ಗೆರೆ ಎಳೆದು 'ಪ್ಲಾಸ್ಟರ್ ತಂತ್ರಜ್ಞ' ಎಂದು ಬರೆದೆ. ಪಗಾರವೂ ಏರಿತು, ಹುದ್ದೆಗೆ ಒಪ್ಪುವಷ್ಟಲ್ಲ, ವಿಮಾ ಕಂಪನಿ ಕೇಳಿದರೆ ತೋರಿಸುವಷ್ಟು. ಆ ವಾರ ಡಾಕ್ಟರ್ ಸಾಹೇಬರು ನನ್ನನ್ನು ಕರೆದು ಕೇಳಿದರು: "ಈಗ ಮಾಲಿಯ ಜಾಗ ಖಾಲಿಯಾಯಿತಲ್ಲ, ಯಾರನ್ನಾದರೂ ತಗೋಬೇಕಾ?" ತಮಾಷೆ ಮಾಡುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯ ನಾನು ಒಪ್ಪಿಕೊಳ್ಳಬೇಕು, ಸಲಹೆಗಾರರ ಚಿತ್ರಗಳಲ್ಲಿ ಇಲ್ಲದ ಒಂದು ಲಾಭ ಆಸ್ಪತ್ರೆಗೆ ನಿಜವಾಗಿ ಆಯಿತು. ರೈಲ್ವೆಯ ಒಬ್ಬ ನೌಕರನನ್ನು ಕರೆತಂದಿದ್ದರು. ಮುಂಗೈ ಎರಡು ಕಡೆ ಮುರಿದು ಬಾತುಕೊಂಡಿತ್ತು. ಡಾಕ್ಟರ್ ಚೀಟಿಯಲ್ಲಿ ಪೂರ್ತಿ ಸುತ್ತು ಪ್ಲಾಸ್ಟರ್ ಬರೆದರು. ಹಿಂದೆಲ್ಲ ಇಂಥ ಚೀಟಿ ಬಂದರೆ ಚಾಚಾ ಏನೂ ಹೇಳದೆ ತಮಗೆ ತಿಳಿದದ್ದನ್ನೇ ಮಾಡಿ, ಕೇಳಿದರೆ ಪಟ್ಟಿ ಮುಗಿದಿತ್ತು ಎನ್ನುತ್ತಿದ್ದರು. ಅಂದು ಚೀಟಿ ಹಿಡಿದು ನೇರವಾಗಿ ಡಾಕ್ಟರರ ಮೇಜಿಗೆ ಬಂದರು. ರೋಗಿಯ ಕಡೆಯವರು ಮೂವರು ಅಲ್ಲೇ ನಿಂತಿದ್ದರು.

"ಸಾಹೇಬ್ರ, ಇವತ್ತ ಪೂರ್ತಿ ಸುತ್ತೂದು ಬ್ಯಾಡ್ರಿ. ಬಾವು ಇನ್ನೂ ಏರತೈತಿ. ಕೆಳಗಷ್ಟ ಅರ್ಧ ಪಟ್ಟಿ ಕೊಟ್ಟು ಕಟ್ಟತೀನಿ. ಬಾವು ಇಳದ ಮ್ಯಾಲ ಪೂರ್ತಿ ಹಾಕೂಣು."

ಡಾಕ್ಟರ್ ಚಾಚಾನನ್ನು ನೋಡಿದರು, ರೋಗಿಯ ಬೆರಳು ಒತ್ತಿ ನೋಡಿದರು, ಚೀಟಿ ವಾಪಸ್ ತೆಗೆದುಕೊಂಡು ತಿದ್ದಿದರು. "ಹೌದು, ಹಾಗೇ ಮಾಡಿ," ಎಂದರು. ಅಂದು ಮೊದಲ ಸಲ 'ಮಾಡಿ' ಎಂದರು, ಅದಕ್ಕೆ ಮೊದಲು 'ಮಾಡು'. ಮರುದಿನ ಆ ಕೈ ಬೂದುಗುಂಬಳದ ಹಾಗೆ ಊದಿತ್ತು. ಸುತ್ತಲೂ ಗಟ್ಟಿ ಪ್ಲಾಸ್ಟರ್ ಇದ್ದಿದ್ದರೆ ಬೆರಳುಗಳ ಗತಿ ಏನಾಗುತ್ತಿತ್ತೋ. ಇಪ್ಪತ್ನಾಲ್ಕು ವರ್ಷ ಇದೇ ಮಾತು ಚಾಚಾನ ಬಾಯಲ್ಲಿತ್ತು, ಮಾಲಿ ಹೇಳುವ ಮಾತಲ್ಲವೆಂದು ಒಳಗೇ ಇತ್ತು.

ಮುಂದಿನದು ಸಲಹೆಗಾರರು ಹೇಳಿದ್ದ ನಿಷ್ಠೆಯ ಪ್ರಕರಣ. ಊರಾಚೆ ಹೊಸದಾಗಿ ತೆರೆದ ಒಂದು ದೊಡ್ಡ ಆಸ್ಪತ್ರೆಯವರು ಚಾಚಾನನ್ನು ಕರೆದರು. ಮೊದಲು ಕರೆಯಲು ಅವರಿಗೆ ದಾರಿ ಇರಲಿಲ್ಲ, ಮಾಲಿಯನ್ನು ಯಾವ ಕೆಲಸಕ್ಕೆ ಕರೆಯುವುದು? ಈಗ ಕಾಗದವಿತ್ತು. ಚಾಚಾ ಡಾಕ್ಟರರ ಕೋಣೆಗೆ ಹೋಗಿ ಪ್ರಮಾಣಪತ್ರದ ಮೂಲ ಪ್ರತಿ ಕೇಳಿದರು.

"ಅದು ಗೋಡೆ ಮೇಲಿದೆಯಲ್ಲ," ಎಂದರು ಡಾಕ್ಟರ್. "ನಿಮಗೆ ಮನೆಯಲ್ಲಿ ಅದು ಯಾಕೆ?"

"ನಂದು ಐತಲ್ರಿ."

"ತೆಗೆದರೆ ಗೋಡೆ ಖಾಲಿ ಕಾಣತ್ತೆ. ಆಮೇಲೆ ನೋಡೋಣ."

ಚಾಚಾ ನನ್ನ ಹತ್ತಿರ ಬಂದರು. ಅವರ ಫೋನಿಗೆ ಬಂದಿದ್ದ ಸಂಖ್ಯೆ ಹಾಕಿದರೆ ಪ್ರಮಾಣಪತ್ರ ಕಂಪ್ಯೂಟರಿನಲ್ಲೇ ಸಿಗುತ್ತಿತ್ತು. ಬಣ್ಣದ ಕಾಗದದಲ್ಲಿ ತೆಗೆದುಕೊಟ್ಟೆ. ಆಸ್ಪತ್ರೆಯ ಪ್ರಿಂಟರಿನಲ್ಲೇ ತೆಗೆದೆ, ಅದನ್ನೂ ಬರೆದುಬಿಡುತ್ತೇನೆ. ಮುಂದಿನ ತಿಂಗಳ ಮೊದಲ ದಿನ ಅವರು ಬರಲಿಲ್ಲ.

ಡಾಕ್ಟರ್ ಸಾಹೇಬರಿಗೆ ಬಹಳ ನೋವಾಯಿತು. "ನಾನು ಇವನಿಗೆ ಏನು ಕಮ್ಮಿ ಮಾಡಿದ್ದೆ?" ಎಂದು ಸಿಟ್ಟಿನಲ್ಲಿ ಮತ್ತೆ ಏಕವಚನಕ್ಕಿಳಿದರು. ನನಗೆ ಪಟ್ಟಿ ಮಾಡಲು ಹೇಳಿರಲಿಲ್ಲ, ಆದ್ದರಿಂದ ಮಾಡಲಿಲ್ಲ. ಹೊಸಬರಿಗಾಗಿ ಜಾಹೀರಾತು ಕೊಟ್ಟೆವು. ಮೂವರು ಬಂದರು. ಮೂವರಿಗೂ ಪ್ಲಾಸ್ಟರಿನ ರಾಸಾಯನಿಕ ಹೆಸರು ಗೊತ್ತಿತ್ತು. ಒಬ್ಬ ನೀರು ಬಹಳ ಬಿಸಿ ಮಾಡಿ ಪಟ್ಟಿ ಅದ್ದಿದ, ಸುತ್ತುವ ಮೊದಲೇ ಅದು ಕೈಯಲ್ಲಿ ಕಲ್ಲಾಯಿತು. ಇನ್ನಿಬ್ಬರು ಬೆರಳಿನಿಂದ ಒತ್ತಿದರು. ಕೊನೆಗೆ ಡಾಕ್ಟರೇ ತೋಳು ಮಡಚಿದರು. ಅವರು ಪ್ಲಾಸ್ಟರ್ ಹಾಕಿ ಎಷ್ಟೋ ವರ್ಷವಾಗಿತ್ತು, ಒಬ್ಬ ಕಾಲೇಜು ವಿದ್ಯಾರ್ಥಿಯ ತೆಳ್ಳಗಿನ ಕೈಗೆ ದೇವಸ್ಥಾನದ ಕಂಬದಂಥದ್ದನ್ನು ಕಟ್ಟಿ ಕಳಿಸಿದರು. ರೋಗಿಗಳು ಬಾಗಿಲಲ್ಲೇ ಕೇಳುತ್ತಿದ್ದರು: "ಪಟ್ಟಿವಾಲೆ ಚಾಚಾ ಇಲ್ಲವಾ? ಹಾಗಾದರೆ ನಾಳೆ ಬರ್ತೀವಿ." ಮುರಿದ ಎಲುಬನ್ನು ಹಿಡಿದುಕೊಂಡು ನಾಳೆ ಬರುತ್ತೇವೆ ಎನ್ನುತ್ತಿದ್ದರು.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಡಾಕ್ಟರ್ ನನಗೆ ಫೋನ್ ಮಾಡಿದರು. "ಅವರ ಮನೆ ಎಲ್ಲಿದೆ, ಗೊತ್ತಾ?" ಇಪ್ಪತ್ತಾರು ವರ್ಷದಲ್ಲಿ ಅವರಿಗೆ ಅದೂ ತಿಳಿದಿರಲಿಲ್ಲ. ನನಗೆ ಪುಸ್ತಕದಿಂದ ಗೊತ್ತಿತ್ತು. "ಭಾನುವಾರನೂ ದವಾಖಾನಿನ ಏನು?" ಎಂದು ಯಜಮಾನರು ಗೊಣಗಿದರು. ಸೋನಾರ್‌ಪುರದ ಹಿಂದಿನ ಗಲ್ಲಿ ಶಿವಾಲದಿಂದ ಹತ್ತು ನಿಮಿಷದ ದಾರಿ. ಡಾಕ್ಟರರ ಕಾರು ರಸ್ತೆಯಲ್ಲೇ ನಿಂತಿತು, ಇಬ್ಬರೂ ನಡೆದು ಹೋದೆವು.

ಚಾಚಾ ಮನೆಯಲ್ಲೇ ಇದ್ದರು. ಅವರ ಹೆಂಡತಿ ಒಂದೇ ಇದ್ದ ಕುರ್ಚಿಯನ್ನು ಒರೆಸಿ ಡಾಕ್ಟರರಿಗೆ ಹಾಕಿದರು, ಚಹಾ ತಂದರು. ಡಾಕ್ಟರ್ ಸಾಹೇಬರು ಲೋಟ ತಿರುಗಿಸುತ್ತ ಕೂತರು.

"ಅಲ್ಲಿ ಹೇಗಿದೆ?" ಎಂದರು ಕೊನೆಗೆ.

"ಚಂದ ಐತ್ರಿ. ಏಸಿ ಐತಿ. ಬಕೆಟ್ಟಿಲ್ಲ, ಸಿಂಕ್ ಐತಿ."

"ವಾಪಸ್ ಬನ್ನಿ. ಅಲ್ಲಿ ಕೊಡುವಷ್ಟೇ ನಾನೂ ಕೊಡ್ತೀನಿ."

ಚಾಚಾ ನಿಧಾನವಾಗಿ ಹೇಳಿದರು, ಮೊದಲೇ ಯೋಚಿಸಿಟ್ಟವರ ಹಾಗೆ. "ಬರ್ತೀನ್ರಿ. ಮುಂಜಾನಿ ಹೊತ್ತಷ್ಟ. ಸಂಜಿಮುಂದ ನನಗ ನಿಲ್ಲಾಕ ಆಗೂದಿಲ್ಲ. ಸಂಜಿಗೆ ನಮ್ಮ ವಾರ್ಡಿನ ಇಬ್ಬರು ಹೆಣ್ಣಮಕ್ಕಳದಾರಲ್ಲ, ಎಂಟು ವರ್ಷ ನನ್ನ ಜೋಡಿ ಪಟ್ಟಿ ಹಿಡದಾರ, ಅವರು ಹಾಕಲಿ. ಅವರಿಗೆ ಬರತೈತಿ. ಪರೀಕ್ಷಾಕ್ಕ ಕುಂಡ್ರಸ್ರಿ. ಅವರ ಪತ್ರದಾಗ ಎಂಟು ವರ್ಷ ಅಂತ ಬರೀರಿ, ಎರಡು ಅಂತ ಬರೀಬ್ಯಾಡ್ರಿ."

ಎರಡು ಎಂದು ಬರೆಯುವ ಯೋಚನೆ ಡಾಕ್ಟರರಿಗೆ ಇತ್ತೋ ಇಲ್ಲವೋ ನನಗೆ ತಿಳಿಯದು. ಅವರು ಒಪ್ಪಿದರು. ಆ ಇಬ್ಬರಿಗೆ ಪ್ಲಾಸ್ಟರ್ ಹಾಕಲು ಬರುತ್ತದೆ ಎಂಬುದು ಅವರಿಗೂ ನನಗೂ ಅಂದೇ ತಿಳಿದದ್ದು. ನಾನು ಅವರನ್ನು ದಿನಾ ಚಾದರ ಎಣಿಸಿಕೊಡುವವರು ಎಂದಷ್ಟೇ ತಿಳಿದಿದ್ದೆ, ಹಾಗೆ ನೋಡಿದರೆ ಡಾಕ್ಟರರನ್ನು ನೋಡಿ ನಗಲು ನನಗೂ ಅಷ್ಟು ಹಕ್ಕಿಲ್ಲ.

ಇಬ್ಬರೂ ಪರೀಕ್ಷೆಗೆ ಕೂತರು. ಒಬ್ಬಾಕೆ ಮೊದಲ ಸಲವೇ ಪಾಸಾದಳು. ಇನ್ನೊಬ್ಬಾಕೆ ಬರಹದಲ್ಲಿ ತಪ್ಪಿ, ಮಗಳ ಹತ್ತಿರ ಪ್ರಶ್ನೆ ಓದಿಸಿಕೊಂಡು ಎರಡನೆಯ ಸಲ ದಾಟಿದಳು. ಮೂಲ ಪ್ರತಿಗಳನ್ನು ಇಬ್ಬರೂ ಅಂದೇ ಮನೆಗೆ ತೆಗೆದುಕೊಂಡು ಹೋದರು, ಕೇಳಲೂ ಇಲ್ಲ.

ಈಚೆಗೆ ಊರಿನ ಡಾಕ್ಟರರ ಒಂದು ಕೂಟದಲ್ಲಿ ನಮ್ಮ ಸಾಹೇಬರು ಈ ವಿಷಯವಾಗಿ ಭಾಷಣ ಮಾಡಿದರು. ಕೆಲಸಗಾರರ ಕಲಿಕೆಗೆ ಬೆಲೆ ಕೊಟ್ಟರೆ ಅವರು ನಮ್ಮನ್ನು ಬಿಟ್ಟು ಹೋಗುವುದಿಲ್ಲ, ಹೋದರೂ ವಾಪಸ್ ಬರುತ್ತಾರೆ, ಹಣಕ್ಕಿಂತ ನಿಷ್ಠೆ ದೊಡ್ಡದು ಎಂದರು. ಜನ ಚಪ್ಪಾಳೆ ತಟ್ಟಿದರು. ಮರುದಿನ ನಾನು ಅದನ್ನು ಚಾಚಾನಿಗೆ ಹೇಳಿ, ಆ ಏಸಿ ಬಿಟ್ಟು ಯಾಕೆ ಬಂದಿರಿ ಎಂದು ಕೇಳಿದೆ. ಅವರು ಕೈಗೆ ಮೆತ್ತಿದ್ದ ಪ್ಲಾಸ್ಟರನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದರು.

"ಅಲ್ಲಿಗೆ ಹೋಗಾಕ ಎರಡು ಇ-ರಿಕ್ಷಾ ಬದಲಾಯಿಸಬೇಕ್ರಿ ದೀದೀ. ನನ್ನ ಮೊಣಕಾಲು ನೋಯತೈತಿ. ಇಲ್ಲಿಗಾದ್ರ ನಡಕೊಂಡ ಬರಬಹುದು." ಆಮೇಲೆ ಬಾಗಿಲಿನಿಂದ ಹೊರಗೆ ಇಣುಕಿ, "ಮುಂದಿನವರನ್ನ ಕಳಸ್ರಿ," ಎಂದರು.